ರಾಷ್ಟ್ರೀಯ ಗ್ರಂಥಾಲಯ: ವಿಜಯಪುರ ಸೀಮೆಯ ಓದುಗರು, ಬರಹಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾದ ಮೇಲೆ, ಪುಸ್ತಕದ ಕೆಲಸ ನನ್ನನ್ನು ಬಿಟ್ಟರೂ ಪುಸ್ತಕದವರು ಬಿಟ್ಟಿಲ್ಲ. ಇಂಡಿ, ಸಿಂದಗಿ, ಜಮಖಂಡಿ, ಗೋಕಾಕ, ಬೈಲಹೊಂಗಲ ಕಡೆಯ ಲೇಖಕರು, ಸಂಶೋಧನ ವಿದ್ಯಾರ್ಥಿಗಳು ಮತ್ತು ಛಾಪಖಾನೆಯವರು ಪತ್ರ ಬರೆದು, ಫೋನ್ ಮಾಡಿ, ಕೆಲವೊಮ್ಮೆ ಮನೆಗೇ ಬಂದು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.

## ಮೊದಲ ಪರಿಚಯ

ರಾಷ್ಟ್ರೀಯ ಗ್ರಂಥಾಲಯ ದಿಲ್ಲಿಯೊಳಗ ಐತಲ್ರೀ?

ಇಲ್ಲ, ಅದು ಇರುವುದು ಕೋಲ್ಕತ್ತದಲ್ಲಿ. ಅಲಿಪುರ ಭಾಗದ ಬೆಲ್ವೆಡಿಯರ್ ಎಂಬ ಸುಮಾರು 30 ಎಕರೆಯ ಆವರಣದಲ್ಲಿ, ಹಿಂದೆ ಬಂಗಾಳದ ಲೆಫ್ಟಿನೆಂಟ್ ಗವರ್ನರರು ವಾಸವಾಗಿದ್ದ ಮಹಲು ಅದರ ಹಳೆಯ ಮನೆ. 2004ರಲ್ಲಿ ಅದೇ ಆವರಣದಲ್ಲಿ ಭಾಷಾ ಭವನವೆಂಬ ಹೊಸ ಕಟ್ಟಡ ತೆರೆಯಿತು. ರಾಜಧಾನಿಯನ್ನು ದೆಹಲಿಗೆ ಒಯ್ಯುವ ಘೋಷಣೆ 1911ರಲ್ಲಿ ಆದರೂ ಗ್ರಂಥಾಲಯ ಇದ್ದಲ್ಲಿಯೇ ಉಳಿಯಿತು. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 62ನೆಯ ನಮೂದು ಇದರ ಹೆಸರನ್ನು ನೇರವಾಗಿ ಹೇಳುತ್ತದೆ. ಆದ್ದರಿಂದ ಇದು ಪಶ್ಚಿಮ ಬಂಗಾಳ ಸರ್ಕಾರದ ಸಂಸ್ಥೆಯಲ್ಲ. ಕೇಂದ್ರದ ಸಂಸ್ಕೃತಿ ಸಚಿವಾಲಯದ ಅಧೀನದಲ್ಲಿದೆ.

ನಮ್ಮ ಜಿಲ್ಲಾ ಗ್ರಂಥಾಲಯಕ್ಕೂ ಅದಕ್ಕೂ ಏನು ಫರಕು? ಅದೂ ಒಂದು ದೊಡ್ಡ ಲೈಬ್ರರಿ ಅಷ್ಟೇ ಅಲ್ಲೇನ್ರಿ?

ಗಾತ್ರದ ಫರಕು ಇದ್ದೇ ಇದೆ. ಅಲ್ಲಿಯ ಸಂಗ್ರಹ 20 ಲಕ್ಷವನ್ನು ಎಂದೋ ದಾಟಿದೆ. ಆದರೆ ಮುಖ್ಯ ಫರಕು ಉದ್ದೇಶದಲ್ಲಿದೆ. ಜಿಲ್ಲಾ ಗ್ರಂಥಾಲಯ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಡಿ, ನಾವು ಮನೆ ತೆರಿಗೆಯ ಜೊತೆ ಕಟ್ಟುವ ಗ್ರಂಥಾಲಯ ಕರದ ಬಲದಿಂದ ನಡೆಯುವ, ಓದುಗನಿಗಾಗಿ ಇರುವ ಸಂಸ್ಥೆ. ಹರಿದ ಪುಸ್ತಕವನ್ನು, ಹತ್ತು ವರ್ಷ ಯಾರೂ ಮುಟ್ಟದ ಪುಸ್ತಕವನ್ನು ಅದು ರದ್ದಿಗೆ ಹಾಕಬಹುದು, ಜಾಗ ಸಾಲದಿದ್ದರೆ ಹಾಕಲೇಬೇಕು. ರಾಷ್ಟ್ರೀಯ ಗ್ರಂಥಾಲಯ ಹಾಗೆ ಮಾಡುವಂತಿಲ್ಲ. ಈ ದೇಶದಲ್ಲಿ ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನು, ಇಂದು ಯಾರೂ ಕೇಳದಿದ್ದರೂ, ಇನ್ನು ನೂರು ವರ್ಷಕ್ಕೆ ಕೇಳಬಹುದಾದ ಒಬ್ಬನಿಗಾಗಿ ಕಾದಿಡುವುದು ಅದರ ಕೆಲಸ. ನಮ್ಮ ಕಡೆ ಬಿತ್ತನೆಗೆಂದು ಜೋಳವನ್ನು ಬೇರೆಯಾಗಿ ಎತ್ತಿಡುತ್ತಾರಲ್ಲ, ಅದಕ್ಕೂ ಅಡುಗೆಮನೆಯ ಡಬ್ಬಿಯ ಜೋಳಕ್ಕೂ ಇರುವ ಫರಕು ಇದು.

ರಾಜಾ ರಾಮಮೋಹನ ರಾಯ್ ಪ್ರತಿಷ್ಠಾನ, ರಾಷ್ಟ್ರೀಯ ಡಿಜಿಟಲ್ ಲೈಬ್ರರಿ, ಇವೆಲ್ಲಾ ಒಂದೇ ಏನು?

ಮೂರೂ ಬೇರೆ ಬೇರೆ. 1972ರಲ್ಲಿ ಸ್ಥಾಪನೆಯಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವೂ ಕೋಲ್ಕತ್ತದಲ್ಲಿಯೇ ಇದೆ, ಆದರೆ ಅದು ಸಾರ್ವಜನಿಕ ಗ್ರಂಥಾಲಯಗಳಿಗೆ ನೆರವು ನೀಡುವ ಸಂಸ್ಥೆ. ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ಖರಗಪುರದ ಐಐಟಿ ಕಟ್ಟಿದೆ. ಅದು ಜಾಲತಾಣ, ಕಟ್ಟಡವಲ್ಲ.

## ಇತಿಹಾಸ

ಇದನ್ನ ಇಂಗ್ರಜರು ಕಟ್ಟಿದ್ದೋ, ನಮ್ಮವರು ಕಟ್ಟಿದ್ದೋ?

ಎರಡು ಹೊಳೆಗಳು ಕೂಡಿದ ಸಂಗಮ ಇದು. ಮೊದಲನೆಯದು 1836ರಲ್ಲಿ ಆರಂಭವಾದ ಕಲ್ಕತ್ತಾ ಪಬ್ಲಿಕ್ ಲೈಬ್ರರಿ. ಅದು ಸರ್ಕಾರದ ಸಂಸ್ಥೆಯಾಗಿರಲಿಲ್ಲ. 300 ರೂಪಾಯಿ ಕೊಟ್ಟವರು ಅದರ ಒಡೆತನದ ಪಾಲುದಾರರಾಗುತ್ತಿದ್ದರು, ಹಾಗೆ ಆದವರಲ್ಲಿ ಮೊದಲನೆಯವರು ದ್ವಾರಕಾನಾಥ ಠಾಕೂರರು. ಆ ಕಾಲದ 300 ರೂಪಾಯಿ ಸಣ್ಣ ಮೊತ್ತವಲ್ಲ, ಆದರೂ ಬಡ ವಿದ್ಯಾರ್ಥಿಗಳಿಗೆ ಅಲ್ಲಿ ಪುಕ್ಕಟೆ ಓದಲು ಅವಕಾಶವಿತ್ತು. ಗವರ್ನರ್ ಜನರಲ್ ಮೆಟ್‌ಕಾಫ್ ಫೋರ್ಟ್ ವಿಲಿಯಂ ಕಾಲೇಜಿನ ಗ್ರಂಥಾಲಯದಿಂದ 4,675 ಪುಸ್ತಕಗಳನ್ನು ಅದಕ್ಕೆ ವರ್ಗಾಯಿಸಿದ್ದು ಮೂಲ ಬಂಡವಾಳವಾಯಿತು.

ಎರಡನೆಯದು ಸರ್ಕಾರದ್ದು. ಕಲ್ಕತ್ತೆಯ ಸಚಿವಾಲಯಗಳ ಹಲವು ಇಲಾಖಾ ಗ್ರಂಥಾಲಯಗಳನ್ನು ಕೂಡಿಸಿ 1891ರಲ್ಲಿ ಇಂಪೀರಿಯಲ್ ಲೈಬ್ರರಿಯನ್ನು ಮಾಡಿದರು, ಆದರೆ ಅದರ ಬಾಗಿಲು ಹೆಚ್ಚಾಗಿ ಅಧಿಕಾರಿಗಳಿಗೆ ಮಾತ್ರ ತೆರೆದಿತ್ತು. ಅಷ್ಟರಲ್ಲಿ ಸೊರಗಿದ್ದ ಪಬ್ಲಿಕ್ ಲೈಬ್ರರಿಯನ್ನು ಇದರಲ್ಲಿ ವಿಲೀನಗೊಳಿಸಿ, 1903ರ ಜನವರಿ 30ರಂದು ಮೆಟ್‌ಕಾಫ್ ಹಾಲ್‌ನಲ್ಲಿ ಸಾರ್ವಜನಿಕರಿಗೆ ತೆರೆದವನು ಲಾರ್ಡ್ ಕರ್ಜನ್. ಭಾರತದ ಬಗ್ಗೆ ಯಾವ ಕಾಲದಲ್ಲಿ ಬರೆದ ಪುಸ್ತಕವಾದರೂ ಸಾಧ್ಯವಾದ ಮಟ್ಟಿಗೆ ಇಲ್ಲಿ ಓದಲು ಸಿಗಬೇಕು ಎಂಬುದು ಅಂದಿನ ಘೋಷಿತ ಆಶಯವಾಗಿತ್ತು. ಬಂಗಾಳವನ್ನು ಒಡೆದವನೂ ಇವನೇ ಎಂಬುದನ್ನು ಮರೆಯದೆಯೂ ಈ ಕೆಲಸವನ್ನು ಒಳ್ಳೆಯದೆನ್ನಬಹುದು ಎಂದು ನನ್ನ ಅಭಿಪ್ರಾಯ.

ಮೊದಲ ಗ್ರಂಥಪಾಲಕ ಜಾನ್ ಮ್ಯಾಕ್‌ಫರ್ಲೇನ್ ಬ್ರಿಟಿಷ್ ಮ್ಯೂಸಿಯಂನಿಂದ ಬಂದವರು. ಅವರ ನಂತರ ಬಂದ ಹರಿನಾಥ ದೇ 34 ಭಾಷೆಗಳನ್ನು ಬಲ್ಲವರೆಂದು ಪ್ರಸಿದ್ಧರಾಗಿದ್ದರು. 1911ರಲ್ಲಿ ತೀರಿಕೊಂಡಾಗ ಅವರ ವಯಸ್ಸೂ ಅಷ್ಟೇ. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಕಾನೂನಿನ ಮೂಲಕ ಹೆಸರು ರಾಷ್ಟ್ರೀಯ ಗ್ರಂಥಾಲಯವೆಂದು ಬದಲಾಯಿತು. 1953ರ ಫೆಬ್ರುವರಿ 1ರಂದು ಮೌಲಾನಾ ಅಬುಲ್ ಕಲಾಂ ಆಜಾದರು ಬೆಲ್ವೆಡಿಯರ್‌ನಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದರು.

ಕಲ್ಕತ್ತಾ ಎಲ್ಲಿ, ಕನ್ನಡ ಎಲ್ಲಿ? ನಮಗೂ ಅದಕ್ಕೂ ಏನು ಸಂಬಂಧ?

ಸಂಬಂಧ ನಾವು ತಿಳಿದಿರುವುದಕ್ಕಿಂತ ಹಳೆಯದು. ಕನ್ನಡ ಅಕ್ಷರಗಳನ್ನು ಅಚ್ಚಿನ ಮೊಳೆಗಳಲ್ಲಿ ತೋರಿಸಿದ ತೀರ ಮೊದಲ ಪುಸ್ತಕಗಳಲ್ಲೊಂದು, ವಿಲಿಯಂ ಕೇರಿಯ ಕನ್ನಡ ವ್ಯಾಕರಣ, 1817ರಲ್ಲಿ ಹೊರಬಂದದ್ದು ಕಲ್ಕತ್ತೆಯ ಹತ್ತಿರದ ಶ್ರೀರಾಮಪುರದ ಮಿಷನ್ ಪ್ರೆಸ್ಸಿನಿಂದ, ಹೂಗ್ಲಿ ನದಿಯ ದಂಡೆಯಿಂದ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಛಾಪಖಾನೆ ಬರುವುದಕ್ಕೆ ಇನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲವಿತ್ತು. ಕೇರಿ ಪಾಠ ಹೇಳುತ್ತಿದ್ದದ್ದು ಫೋರ್ಟ್ ವಿಲಿಯಂ ಕಾಲೇಜಿನಲ್ಲಿ. ಅದೇ ಕಾಲೇಜಿನ ಪುಸ್ತಕಗಳೇ ಮುಂದೆ ಪಬ್ಲಿಕ್ ಲೈಬ್ರರಿಯ ಮೂಲ ಬಂಡವಾಳವಾದವು.

ಇನ್ನೊಂದು ಸಂಬಂಧ ವ್ಯಕ್ತಿಯದು. ಹೆಸರು ಬದಲಾದ ಮೇಲೆ ಅದರ ಮೊದಲ ಗ್ರಂಥಪಾಲಕರಾದ ಬಿ.ಎಸ್. ಕೇಶವನ್ ಅವರ ಹೆಸರಿನ ಮೊದಲಕ್ಷರ ಬಳ್ಳಾರಿಯದು. ಅವರು ಅದಕ್ಕೂ ಮೊದಲು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದರು. ಇಂದು ಗ್ರಂಥಾಲಯದಲ್ಲಿ ಬೇರೆ ಭಾರತೀಯ ಭಾಷೆಗಳಿಗೆ ಇರುವಂತೆ ಕನ್ನಡಕ್ಕೂ ಪ್ರತ್ಯೇಕ ವಿಭಾಗವಿದೆ.

ಆದಿಲಶಾಹಿಗಳ ಗ್ರಂಥಭಂಡಾರ ಕಲ್ಕತ್ತಾಕ್ಕ ಒಯ್ದಾರಂತ. ಖರೆ ಏನ್ರಿ?

ಈ ಪ್ರಶ್ನೆಯನ್ನು ಅಸಾರ ಮಹಲಿನ ಕೆರೆಯ ಕಟ್ಟೆಯ ಮೇಲೆ ಕುಳಿತವರೇ ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಉತ್ತರ, ಇಲ್ಲ. ಬಿಜಾಪುರದ ಅರಸರ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳು, ಬಹುಪಾಲು ಅರಬಿ ಭಾಷೆಯವು, ಅಸಾರ ಮಹಲಿನಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅವನ್ನು ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯಕ್ಕೆ ಸಾಗಿಸಿದರು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಆ ವೇಳೆಗೆ ಕಲ್ಕತ್ತೆಯಲ್ಲಿ ಸಾರ್ವಜನಿಕ ಗ್ರಂಥಾಲಯವೊಂದು ಇದ್ದೇ ಇತ್ತು, ಆದರೂ ಪೆಟ್ಟಿಗೆಗಳು ಹಡಗು ಹತ್ತಿದವು. ದೇಶಕ್ಕೊಂದು ರಾಷ್ಟ್ರೀಯ ಗ್ರಂಥಾಲಯ ಏಕೆ ಬೇಕು ಎಂದು ವಿಜಯಪುರದವರಿಗೆ ಯಾರೂ ಭಾಷಣ ಮಾಡಿ ಹೇಳಬೇಕಾಗಿಲ್ಲ.

ಅಲ್ಲಿ ಬಾಗಿಲೇ ಇಲ್ಲದ ಗುಪ್ತ ಕೋಣೆ ಸಿಕ್ಕಿತ್ತಂತ?

ಸಿಕ್ಕಿದ್ದು ನಿಜ. 2010ರಲ್ಲಿ ಹಳೆಯ ಮಹಲಿನ ದುರಸ್ತಿಯ ಸಮಯದಲ್ಲಿ, ಒಳಹೋಗುವ ದಾರಿಯೇ ಇಲ್ಲದ ಭಾಗವೊಂದು ಪುರಾತತ್ವ ಇಲಾಖೆಯವರ ಕಣ್ಣಿಗೆ ಬಿತ್ತು. ನಿಧಿಯ ಸುದ್ದಿ ಹಬ್ಬಿತು. ಕೊನೆಗೆ ಅದರಲ್ಲಿ ತುಂಬಿದ್ದದ್ದು ಬರೀ ಮಣ್ಣು.

## ಪುಸ್ತಕ ಕಳಿಸುವ ಮಾತು

ನಾನೇ ರೊಕ್ಕ ಹಾಕಿ 500 ಪ್ರತಿ ಛಾಪಿಸೀನಿ. ನಾನೂ ಕಳಿಸಬೇಕಾಗ್ತದೇನು?

ಹೌದು, ಮತ್ತು ಈ ಪುಟದ ಪ್ರಶ್ನೆಗಳಲ್ಲೆಲ್ಲ ಹೆಚ್ಚು ಮುಖ್ಯವಾದದ್ದು ಇದೇ. 1954ರ ಪುಸ್ತಕ ಸಲ್ಲಿಕೆ (ಸಾರ್ವಜನಿಕ ಗ್ರಂಥಾಲಯಗಳು) ಕಾಯಿದೆಯ ಪ್ರಕಾರ, ಪುಸ್ತಕ ಪ್ರಕಟವಾದ 30 ದಿನಗಳೊಳಗೆ ಪ್ರಕಾಶಕನು ತನ್ನ ಖರ್ಚಿನಲ್ಲಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿಯನ್ನೂ, ಇನ್ನು ಮೂರು ಗ್ರಂಥಾಲಯಗಳಿಗೆ, ಎಂದರೆ ಚೆನ್ನೈನ ಕನ್ನೆಮರಾ ಗ್ರಂಥಾಲಯ, ಮುಂಬೈನ ಕೇಂದ್ರ ಗ್ರಂಥಾಲಯ ಮತ್ತು ದೆಹಲಿ ಸಾರ್ವಜನಿಕ ಗ್ರಂಥಾಲಯಗಳಿಗೆ, ತಲಾ ಒಂದು ಪ್ರತಿಯನ್ನೂ ತಲುಪಿಸಬೇಕು. ಕೋಲ್ಕತ್ತಕ್ಕೆ ಹೋಗುವ ಪ್ರತಿಗೆ ವಿಶೇಷ ನಿಯಮವಿದೆ: ಅದು ಅಚ್ಚಾದವುಗಳಲ್ಲಿ ಅತ್ಯುತ್ತಮ ಕಾಗದದ ಪ್ರತಿಯಾಗಿರಬೇಕು, ಚಿತ್ರ, ನಕಾಶೆಗಳೆಲ್ಲ ಪೂರ್ತಿ ಇರಬೇಕು, ಹೊಲಿಗೆ ಅಥವಾ ಬೈಂಡಿಂಗ್ ಆಗಿರಬೇಕು. ಉಳಿದ ಮೂರಕ್ಕೆ ಮಾರಾಟದ ಪ್ರತಿಯಂಥದ್ದೇ ಸಾಕು. ಪುಸ್ತಕ ತೆಗೆದುಕೊಂಡವರು ಲಿಖಿತ ರಸೀದಿ ಕೊಡಬೇಕು. ಆ ರಸೀದಿಯನ್ನು ಜೋಪಾನವಾಗಿಡಿ.

ಪ್ರಕಾಶಕ ಯಾರು ಎಂಬಲ್ಲಿಯೇ ನಮ್ಮ ಕಡೆ ಗೊಂದಲ. ಪುಸ್ತಕದ ಎರಡನೆಯ ಪುಟದಲ್ಲಿ ‘ಪ್ರಕಾಶಕರು’ ಎಂಬ ಮಾತಿನ ಮುಂದೆ ನಿಮ್ಮ ಹೆಸರೋ, ಮನೆಯವರ ಹೆಸರೋ, ನೀವೇ ಇಟ್ಟ ಪ್ರಕಾಶನದ ಹೆಸರೋ ಇದ್ದರೆ ಹೊಣೆ ನಿಮ್ಮದು, ಛಾಪಖಾನೆಯದಲ್ಲ. ಕೆಲವು ವರ್ಷಗಳ ಹಿಂದೆ ಇಂಡಿ ತಾಲೂಕಿನ ಒಬ್ಬರು ತೀರಿಕೊಂಡ ತಂದೆಯ ಜಾನಪದ ಸಂಗ್ರಹವೊಂದನ್ನು ಹುಡುಕಿಕೊಂಡು ನನ್ನಲ್ಲಿಗೆ ಬಂದಿದ್ದರು. ಅಚ್ಚಾದಾಗ ಮುದ್ರಣಾಲಯದವರು ‘ಎಲ್ಲಾ ಕಡೆ ನಾವೇ ಕಳಿಸ್ತೀವಿ’ ಎಂದಿದ್ದರಂತೆ, ತಂದೆಯವರು ನಂಬಿ ಸುಮ್ಮನಾದರು. ನಾಲ್ಕು ಗ್ರಂಥಾಲಯಗಳ ಸೂಚಿಯಲ್ಲಿ ಎಲ್ಲಿಯೂ ಆ ಪುಸ್ತಕವಿರಲಿಲ್ಲ. ಮನೆಯ ಅಟ್ಟದ ಮೇಲಿನ ಗೋಣಿಚೀಲ ಬಿಚ್ಚಿದಾಗ ಒಳಗಿನ ಪ್ರತಿಗಳು ಹೊರಗಿನಿಂದ ಸರಿಯಾಗಿಯೇ ಕಂಡವು, ಕೈಗೆತ್ತಿಕೊಂಡರೆ ನಡುವೆ ಗೆದ್ದಲು ತಿಂದು ಬರೀ ಅಂಚಿನ ಚೌಕಟ್ಟು ಉಳಿದಿತ್ತು. ಕೊನೆಗೆ ಮದುವೆಯೊಂದರಲ್ಲಿ ಉಡುಗೊರೆಯಾಗಿ ಕೊಟ್ಟಿದ್ದ ಒಂದು ಪ್ರತಿ ಸಂಬಂಧಿಕರ ಮನೆಯಲ್ಲಿ ದೊರೆಯಿತು.

ಕಳಿಸಲಿಲ್ಲ ಅಂದ್ರ ಏನ್ ಮಾಡ್ತಾರ?

ಕಾಯಿದೆಯಲ್ಲಿ 50 ರೂಪಾಯಿವರೆಗೆ ದಂಡ, ಜೊತೆಗೆ ಪುಸ್ತಕದ ಬೆಲೆಯಷ್ಟು ಮೊತ್ತ ಎಂದಿದೆ. 1954ರಲ್ಲಿ ಈ ಮೊತ್ತಕ್ಕೆ ಒಂದು ತೂಕವಿತ್ತು. ಇಂದು ನಾಲ್ಕು ಪೊಟ್ಟಣಗಳ ಅಂಚೆ ವೆಚ್ಚವೇ ಅದಕ್ಕಿಂತ ಹೆಚ್ಚಾಗುತ್ತದೆ. ಹಾಗಾಗಿ ದಂಡದ ಹೆದರಿಕೆಯಿಂದ ಕಳಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬೆಂಗಳೂರಿನ ದೊಡ್ಡ ಪ್ರಕಾಶಕರ ಪುಸ್ತಕ ಹತ್ತು ಕಡೆ ಇರುತ್ತದೆ, ಅವರು ಒಂದು ಸಲ ಮರೆತರೂ ಪುಸ್ತಕ ಉಳಿಯುತ್ತದೆ. ನಮ್ಮ ಸೀಮೆಯ ಲೇಖಕನ 500 ಪ್ರತಿಗಳಲ್ಲಿ 200 ಬಿಡುಗಡೆಯ ದಿನವೇ ಶಾಲು, ಹಾರಗಳ ಜೊತೆ ಹಂಚಿಹೋಗುತ್ತವೆ. ಹೀಗಿರುವಾಗ ಕಾಯಿದೆಯ ನೆರವು ಹೆಚ್ಚು ಬೇಕಾದದ್ದು ನಮಗೇ, ಅದನ್ನು ಹೆಚ್ಚು ಮರೆಯುವವರೂ ನಾವೇ.

ಐಎಸ್‌ಬಿಎನ್ ತಗೊಂಡೀನಿ. ಮತ್ಯಾಕ ಕಳಿಸಬೇಕು? ಕಾಪಿರೈಟ್ ಅದರಾಗ ಬರೂದಿಲ್ಲೇನು?

ಇವು ಮೂರು ಬೇರೆ ಸಂಗತಿಗಳು. ಐಎಸ್‌ಬಿಎನ್ ಎಂಬುದು ಪುಸ್ತಕದ ಗುರುತಿನ ಸಂಖ್ಯೆ. ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ. ಹಕ್ಕುಸ್ವಾಮ್ಯವು 1957ರ ಕಾಯಿದೆಯಂತೆ ನೀವು ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಐಚ್ಛಿಕ. ಗ್ರಂಥಾಲಯಕ್ಕೆ ಪ್ರತಿ ಕಳಿಸುವುದರಿಂದ ಹಕ್ಕು ಹುಟ್ಟುವುದೂ ಇಲ್ಲ, ಕಳಿಸದಿದ್ದರೆ ಹೋಗುವುದೂ ಇಲ್ಲ. ಆದರೆ ಇಂಥ ವರ್ಷ ಇಂಥ ಪುಸ್ತಕ ಇತ್ತು ಎಂಬುದಕ್ಕೆ ಮೂರನೆಯವರ ಕಪಾಟಿನಲ್ಲಿರುವ ಪ್ರತಿಯಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಜಾತ್ರಿ ಪುಸ್ತಿಕೆ, ಸ್ಮರಣ ಸಂಚಿಕೆ, ಹಾಡಿನ ಪುಸ್ತಕ, ಇವಕ್ಕೂ ಈ ಕಾನೂನು ಬರ್ತದೇನು?

ಬರುತ್ತದೆ. ಕಾಯಿದೆಯ ಅರ್ಥದಲ್ಲಿ ಕಿರುಹೊತ್ತಗೆಯೂ ಪುಸ್ತಕವೇ, ಬೇರೆಯಾಗಿ ಮುದ್ರಿಸಿದ ನಕಾಶೆಯೂ ಪುಸ್ತಕವೇ, ಭಾಷೆ ಯಾವುದಾದರೂ ಸರಿ. ಪತ್ರಿಕೆಗಳನ್ನು 1956ರ ತಿದ್ದುಪಡಿಯಿಂದ ಸೇರಿಸಿದರು. ಏನೂ ಬದಲಾವಣೆಯಿಲ್ಲದ ಮರುಮುದ್ರಣವನ್ನು ಮತ್ತೆ ಕಳಿಸಬೇಕಾಗಿಲ್ಲ. ಒಂದು ಅಧ್ಯಾಯ ಸೇರಿಸಿದ್ದರೆ ಕಳಿಸಬೇಕು. ಇ-ಪುಸ್ತಕ ಮಾತ್ರ ಈ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ, ಏಕೆಂದರೆ ಅಲ್ಲಿಯ ಮಾತೆಲ್ಲ ಮುದ್ರಿತ ಮತ್ತು ಕಲ್ಲಚ್ಚಿನ ಪ್ರತಿಗಳ ಬಗ್ಗೆಯೇ ಇದೆ.

ಪಾರಿಜಾತದ ಪದಗಳ, ಗೀಗೀ ಪದಗಳ, ತತ್ತ್ವಪದಗಳ 16 ಪುಟದ ಪುಸ್ತಿಕೆಗಳನ್ನು ನಾನು ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಕೊಂಡು ತರುತ್ತಿದ್ದೆ. ಎಷ್ಟೋ ಪುಸ್ತಿಕೆಗಳಲ್ಲಿ ವರ್ಷವೂ ಇಲ್ಲ, ಪ್ರಕಾಶಕನ ವಿಳಾಸವೂ ಇಲ್ಲ. ಹೀಗೆ ಊರು, ವರ್ಷ, ಹೆಸರಿಲ್ಲದ ಪುಸ್ತಕ ಗ್ರಂಥಾಲಯಕ್ಕೆ ತಲುಪಿದರೂ ಅದನ್ನು ಸೂಚಿಯಲ್ಲಿ ಎಲ್ಲಿ ಕೂರಿಸಬೇಕೆಂಬುದು ಸಮಸ್ಯೆಯಾಗುತ್ತದೆ.

## ಹುಡುಕುವುದು, ಓದುವುದು, ಸಂಶೋಧನೆ

ನಮ್ಮ ಅಜ್ಜಾರು ಬರೆದ ಪುಸ್ತಕ ಅಲ್ಲಿ ಅದನೋ ಇಲ್ಲೋ, ಹ್ಯಾಂಗ ತಿಳ್ಕೋಬೇಕು?

ಗ್ರಂಥಾಲಯದ ಸೂಚಿ ಜಾಲತಾಣದಲ್ಲಿದೆ. ಅದರಲ್ಲಿ ಕನ್ನಡ ಪುಸ್ತಕವನ್ನು ಹುಡುಕುವಾಗ ಮೂರು ಕಡೆ ಎಡವುತ್ತೇವೆ. ಒಂದು, ಹೆಸರಿನ ರೋಮನ್ ಕಾಗುಣಿತ: ಹಳಕಟ್ಟಿ, ಫಕೀರಪ್ಪ, ಶಿವಲಿಂಗಯ್ಯ ಮುಂತಾದ ಹೆಸರುಗಳನ್ನು ನಾಲ್ಕೈದು ರೀತಿ ಬರೆಯಬಹುದು, ಎಲ್ಲವನ್ನೂ ಹಾಕಿ ನೋಡಬೇಕು. ಎರಡು, ಊರ ಹೆಸರು: ವಿಜಯಪುರ, ಬೆಳಗಾವಿ ಎಂಬ ರೂಪಗಳು ಅಧಿಕೃತವಾದದ್ದು 2014ರ ನವೆಂಬರ್ 1ರಿಂದ, ಅದಕ್ಕೂ ಹಿಂದಿನ ಪುಸ್ತಕಗಳು ಬಿಜಾಪುರ, ಬೆಳಗಾಂ ಎಂದೇ ದಾಖಲಾಗಿರುತ್ತವೆ, ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗಿನ ಬೀಳಗಿ, ಮುಧೋಳದ ಪುಸ್ತಕಗಳಲ್ಲಿ ‘ಜಿ. ಬಿಜಾಪುರ’ ಎಂದಿರುತ್ತದೆ. ಮೂರು, ಕಾಲ. ಪ್ರತಿ ಕಳಿಸುವ ಕಾಯಿದೆ ಬಂದದ್ದೇ 1954ರಲ್ಲಾದ್ದರಿಂದ, ಅದಕ್ಕೂ ಹಳೆಯ ಪುಸ್ತಕ ಅಲ್ಲಿ ಇದ್ದರೆ ಕೊಂಡದ್ದೋ ದಾನವಾಗಿ ಬಂದದ್ದೋ ಆಗಿರುತ್ತದೆ. ಸ್ವಾತಂತ್ರ್ಯಪೂರ್ವದ ನಮ್ಮ ಕಡೆಯ ಪುಸ್ತಕಗಳು 1867ರ ಮುದ್ರಣ ಕಾಯಿದೆಯಡಿ ಮುಂಬೈ ಪ್ರಾಂತದಲ್ಲಿ ನೋಂದಾಯಿತವಾಗುತ್ತಿದ್ದವು. ಮೂರು ತಿಂಗಳಿಗೊಮ್ಮೆ ಅವುಗಳ ಪಟ್ಟಿ ಹೊರಡುತ್ತಿತ್ತು. ಆದ್ದರಿಂದ ಫ.ಗು. ಹಳಕಟ್ಟಿಯವರ ಕಾಲದ ಪುಸ್ತಕವನ್ನು ಹುಡುಕುವವರು ಬೆಂಗಳೂರನ್ನು ಕೇಳುವ ಮೊದಲು ಮುಂಬೈ ಮತ್ತು ಲಂಡನ್ನಿನ ಸೂಚಿಗಳನ್ನು ನೋಡುವುದು ಲೇಸು.

ಇದರ ಜೊತೆಗೆ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿ ಇದೆ. ಬೆಲ್ವೆಡಿಯರ್ ಆವರಣದಲ್ಲಿ 1955ರಲ್ಲಿ ಆರಂಭವಾದ ಕೇಂದ್ರ ಪರಾಮರ್ಶನ ಗ್ರಂಥಾಲಯ ಅದನ್ನು ಸಿದ್ಧಪಡಿಸುತ್ತದೆ. ಕಾಯಿದೆಯಂತೆ ಬಂದ ಪುಸ್ತಕಗಳೇ ಅದಕ್ಕೆ ಆಧಾರ. ಎಲ್ಲ ಭಾಷೆಗಳ ಪುಸ್ತಕಗಳೂ ರೋಮನ್ ಲಿಪಿಯಲ್ಲಿ ಒಂದೇ ಸಾಲಿನಲ್ಲಿ ಕೂಡುವುದು ಅದರ ವಿಶೇಷ.

ಆದಿಲಶಾಹಿ ಕಾಲದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಕೋಲ್ಕತ್ತಕ್ಕೆ ಹೋದರೆ ಪ್ರಯೋಜನವಿದೆಯೇ?

ಇದೆ. ಅರಸರ ಭಂಡಾರ ಲಂಡನ್ನಿನಲ್ಲಿದ್ದರೂ, ಔರಂಗಜೇಬ ಮತ್ತು ಶಿವಾಜಿಯ ಇತಿಹಾಸ ಬರೆದ ಜದುನಾಥ ಸರ್ಕಾರರ ಸ್ವಂತ ಸಂಗ್ರಹ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ; 1686ರಲ್ಲಿ ಬಿಜಾಪುರ ಮೊಗಲರ ಕೈಗೆ ಬಿದ್ದ ಕಥೆಯನ್ನು ಅವರಷ್ಟು ವಿಸ್ತಾರವಾಗಿ ಬರೆದವರು ಕಡಿಮೆ. ಫಾರಸಿ, ಅರಬಿ ಹಸ್ತಪ್ರತಿಗಳಿಗೆ ಬುಹಾರ್ ಸಂಗ್ರಹವನ್ನು ನೋಡಿ. ಆಶುತೋಷ ಮುಖರ್ಜಿಯವರ ಸುಮಾರು 80 ಸಾವಿರ ಪುಸ್ತಕಗಳ ಸಂಗ್ರಹವನ್ನು ಅವರ ಕುಟುಂಬದವರು ಕೊಟ್ಟಿದ್ದಾರೆ. ಅದು ಬೇರೆಯೇ ಒಂದು ಗ್ರಂಥಾಲಯದಂತಿದೆ.

ಹೋಗುವ ಮುನ್ನ ಬೇಕಾದ ಪುಸ್ತಕಗಳ ಹೆಸರು, ಕ್ರಮಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಅಲ್ಲಿ ನೀವೇ ಕಪಾಟಿನ ನಡುವೆ ಓಡಾಡಿ ಆರಿಸುವಂತಿಲ್ಲ, ಚೀಟಿ ಕೊಟ್ಟು ತರಿಸಿಕೊಳ್ಳಬೇಕು. ಗುರುತಿನ ಪತ್ರದ ಜೊತೆ ನಿಮ್ಮ ವಿಭಾಗದ ಪರಿಚಯ ಪತ್ರ ಇರಲಿ. ರೈಲಿಗಾದರೆ ಬಾಗಲಕೋಟೆ, ಬಾದಾಮಿ ದಾರಿಯಲ್ಲಿ ಗದಗಕ್ಕೆ ಬಂದು ಅಮರಾವತಿ ಎಕ್ಸ್‌ಪ್ರೆಸ್ ಹಿಡಿಯುವುದು ಹಳೆಯ ರೂಢಿ. ಊಟದ ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಾಕು.

ಎಲ್ಲಾ ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕಿಬಿಟ್ರ ಮುಗೀತಲ್ಲ, ಯಾಕ ಹಾಕವಲ್ರು?

ಕೆಲಸ ನಡೆದಿದೆ, ಅಪರೂಪದ ಹಲವು ಪುಸ್ತಕಗಳು ಭಾರತೀಯ ಸಂಸ್ಕೃತಿಯ ಸರ್ಕಾರಿ ಜಾಲತಾಣದಲ್ಲಿ ಓದಲು ಸಿಗುತ್ತವೆ. ಆದರೆ ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕುಸ್ವಾಮ್ಯ ಇರುವುದರಿಂದ, ಸ್ಕ್ಯಾನ್ ಮಾಡಿದ್ದೆಲ್ಲವನ್ನೂ ಎಲ್ಲರಿಗೂ ತೆರೆಯಲಾಗದು. 1964ರಲ್ಲಿ ತೀರಿಕೊಂಡ ಹಳಕಟ್ಟಿಯವರ ಬರಹಗಳ ಹಕ್ಕು ಮುಗಿದದ್ದು 2024ರ ಕೊನೆಗೆ.

ಇನ್ನೊಂದು ತೊಡಕು ಕಾಗದದ್ದು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲದ ಅಂಶವಿರುತ್ತದೆ, ಅದು ಒಳಗೊಳಗೇ ಕಾಗದವನ್ನು ಸುಡುತ್ತದೆ. ಐವತ್ತು ವರ್ಷ ಹಳೆಯ ಪತ್ರಿಕೆಯ ಮೂಲೆಯನ್ನು ಎರಡು ಸಲ ಮಡಚಿ ನೋಡಿ, ಮೂರನೆಯ ಸಲಕ್ಕೆ ಚೂರು ಕೈಗೆ ಬರುತ್ತದೆ. ಅಂಥ ಪುಟವನ್ನು ಸ್ಕ್ಯಾನರ್ ಮೇಲೆ ಬೋರಲು ಹಾಕಿ ಒತ್ತುವಂತಿಲ್ಲ. ಮೊದಲು ಆಮ್ಲ ತೆಗೆದು, ತೆಳು ಕಾಗದದ ಆಸರೆ ಕೊಟ್ಟು, ಆಮೇಲೆ ಮೇಲಿನಿಂದ ಚಿತ್ರ ತೆಗೆಯಬೇಕು. ತಾಳೆಗರಿ ಇದಕ್ಕಿಂತ ಗಟ್ಟಿ ಎಂದರೆ ಜನ ನಗುತ್ತಾರೆ, ಆದರೆ ಅದು ನಿಜ.

ಅಷ್ಟು ದೂರದಾಗ ಕನ್ನಡ ಪುಸ್ತಕ ಯಾರ್ ಓದ್ತಾರ್ರೀ?

ದಿನವೂ ಓದುವವರು ವಿರಳವೆಂದು ಒಪ್ಪುತ್ತೇನೆ. ಕೋಲ್ಕತ್ತದ ಕನ್ನಡಿಗರು, ಭಾಷಾಶಾಸ್ತ್ರದ ವಿದ್ಯಾರ್ಥಿಗಳು, ಅನುವಾದಕರು, ಇಷ್ಟೇ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ 1962ರಿಂದ ದೆಹಲಿಯ ಕಚೇರಿಯ ಮೂಲಕ ಕನ್ನಡ ಪುಸ್ತಕಗಳನ್ನು ಕೊಳ್ಳುತ್ತಿದೆ. ಅವುಗಳನ್ನು ಅಲ್ಲಿ ಸಾಲುಗಟ್ಟಿ ನಿಂತು ಯಾರೂ ಓದುತ್ತಿಲ್ಲ. ಇಂಡಿಯ ಆ ಮಗ ತಂದೆಯ ಪುಸ್ತಕ ಹುಡುಕಿದ್ದು ಅಚ್ಚಾಗಿ 31 ವರ್ಷಗಳ ಮೇಲೆ. ಸಂಬಂಧಿಕರ ಮನೆಯಲ್ಲಿ ಸಿಕ್ಕ ಪ್ರತಿಯನ್ನು ಆಧರಿಸಿ ಅವರು ಅದನ್ನು ಮರುಮುದ್ರಿಸಿದರು, ಹೊಸದಾಗಿ ಒಂದು ಮುನ್ನುಡಿ ಸೇರಿಸಿದರು, ಹಾಗಾಗಿ ಕಾಯಿದೆಯಂತೆಯೂ ಕಳಿಸಲೇಬೇಕಾಯಿತು. ನಾಲ್ಕು ಪೊಟ್ಟಣಗಳಿಗೆ ಸುತಳಿ ಕಟ್ಟಿ ವಿಳಾಸ ಬರೆದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ಮೊದಲನೆಯದರ ಮೇಲೆ ಬರೆದದ್ದು, ‘ಬೆಲ್ವೆಡಿಯರ್, ಕೋಲ್ಕತ್ತ 700027’.